ಯಜಮಾನರು ಮಿಲಿಟರಿಯಿಂದ ಪೆನ್ಶನ್ ಮೇಲೆ ಬರುತ್ತಿದ್ದಾರೆ, ಈ ನಾಲ್ಕು ತಿಂಗಳಲ್ಲಿ ಏನೇನು ಮಾಡಿಸಿಕೊಳ್ಳಬೇಕು?

ಪ್ರಶ್ನೆ: ಹವಾಲ್ದಾರ್ ಮನೆಯಾಕೆ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಸಿಗ್ನಲ್ಸ್‌ನಲ್ಲಿ (ಸೈನ್ಯದ ಸಂಪರ್ಕ ವಿಭಾಗ) ಹವಾಲ್ದಾರ್. 24 ವರ್ಷ ಸರ್ವಿಸ್ ಮುಗಿಸಿ ಇನ್ನು ನಾಲ್ಕು ತಿಂಗಳಿಗೆ ಮನೆಗೆ ಬರುತ್ತಾರೆ. ವಯಸ್ಸು 43. ಮಗಳು ಎರಡನೇ ಪಿಯುಸಿ, ಮಗ ಎಂಟನೇ ಕ್ಲಾಸು. ಅತ್ತೆ ನಮ್ಮ ಜೊತೆ ಇದ್ದಾರೆ. ಅಪ್ಪ ಹೋದ ಮೇಲೆ ನಮ್ಮಮ್ಮನೂ ನಮ್ಮ ಮನೆಗೇ ಬಂದಿದ್ದಾರೆ.

ಫೋನಿನಲ್ಲಿ ಏನು ಕೇಳಿದರೂ "ಎಲ್ಲಾ ಯೂನಿಟ್‌ನವರೇ ನೋಡ್ಕೋತಾರೆ, ನೀನು ಸುಮ್ನಿರು" ಅನ್ನುತ್ತಾರೆ. ಆದರೆ ಹೋದ ವಾರ ಯಾವುದೋ ಫಾರಂಗೆ ನನ್ನ ಆಧಾರ್ ಕಾರ್ಡಿನ ಫೋಟೋ ಕಳಿಸು ಅಂದರು. ಕಳಿಸಿದೆ. ಆಮೇಲೆ ಗೊತ್ತಾಯಿತು, ಮದುವೆಯಾದ ಹೊಸದರಲ್ಲಿ ಅವರು ದಾಖಲೆಯಲ್ಲಿ ಬರೆಸಿದ್ದು ಮನೆಯಲ್ಲಿ ನನ್ನನ್ನು ಕರೆಯುವ ಹೆಸರು. ಆಧಾರ್‌ನಲ್ಲಿ ಇರುವುದು ಶಾಲೆಯ ಹೆಸರು. ಎರಡಕ್ಕೂ ಸಂಬಂಧವೇ ಇಲ್ಲ. ಇದರಿಂದ ತೊಂದರೆ ಆಗುತ್ತದಾ?

ಆಸ್ಪತ್ರೆ ಕಾರ್ಡು ಇಬ್ಬರು ಅಮ್ಮಂದಿರಿಗೂ ಸಿಗುತ್ತದಾ? ಮಗಳು ಇಂಜಿನಿಯರಿಂಗ್ ಅನ್ನುತ್ತಿದ್ದಾಳೆ, ಅವಳಿಗೆ ಏನಾದರೂ ಅನುಕೂಲ ಇದೆಯಾ? ಅವರಿಗೆ ಇಲ್ಲಿ ಕೆಲಸ ಸಿಗುತ್ತದಾ? ಓದಿರುವುದು ಎಸ್ಸೆಸ್ಸೆಲ್ಸಿ. ಇನ್ನು ದುಡ್ಡಿನ ವಿಷಯ. ಇನ್ನೂ ಬಂದೇ ಇಲ್ಲ, ಆಗಲೇ ಮೈದುನ ಟ್ರ್ಯಾಕ್ಟರ್ ಅನ್ನುತ್ತಿದ್ದಾನೆ, ಸೈಟ್ ಬ್ರೋಕರ್ ಮೂರು ಸಲ ಮನೆಗೆ ಬಂದು ಹೋದ. ನಂಬರ್ ಯಾರು ಕೊಟ್ಟರೋ!

ಕೊನೆಯದು ಕೇಳುವುದಕ್ಕೆ ಸ್ವಲ್ಪ ಸಂಕೋಚ. ಮದುವೆಯಾಗಿ 19 ವರ್ಷ. ಒಟ್ಟಿಗೆ ಇದ್ದದ್ದು ಲೆಕ್ಕ ಹಾಕಿದರೆ ಐದು ವರ್ಷವೂ ಆಗುವುದಿಲ್ಲ. ರಜೆಗೆ ಬಂದರೆ ಹದಿನೈದು ದಿನ ಹಬ್ಬ. ಹದಿನಾರನೇ ದಿನ ಚಪ್ಪಲಿ ಸಾಲಾಗಿ ಇಟ್ಟಿಲ್ಲ ಅಂತ ಶುರು. ಇನ್ನು ಪೂರ್ತಿ ಮನೆಯಲ್ಲೇ ಇದ್ದರೆ ಹೇಗೋ ಏನೋ.

ಉತ್ತರ 1: ನಿವೃತ್ತ ಸುಬೇದಾರ್, ಗದಗ

ತಂಗೀ, ಮೊದಲು ಆ ಹೆಸರು ಸರಿ ಮಾಡಿಸು. ಉಳಿದ ಎಲ್ಲದಕ್ಕೂ ಸಮಯ ಇದೆ, ಇದಕ್ಕೆ ಇಲ್ಲ.

ಯಜಮಾನರು "ಯೂನಿಟ್‌ನವರು ನೋಡ್ಕೋತಾರೆ" ಅಂದದ್ದು ಅರ್ಧ ನಿಜ. ಕ್ಲರ್ಕ್ ತನ್ನ ಮುಂದಿರುವ ದಾಖಲೆ ನೋಡಿ ತುಂಬುತ್ತಾನೆ. ದಾಖಲೆಯಲ್ಲಿ ಮನೆ ಹೆಸರು ಇದ್ದರೆ ಅದೇ ಹೋಗುತ್ತದೆ. ಪಿಪಿಓದಲ್ಲಿ (ಪೆನ್ಶನ್ ಮಂಜೂರಾದ ಆದೇಶ ಪತ್ರ) ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಅಚ್ಚಾಗುತ್ತದೆ. ನಾಳೆ ಅವರಿಗೆ ಏನಾದರೂ ಆದರೆ (ಆಗದಿರಲಿ) ಫ್ಯಾಮಿಲಿ ಪೆನ್ಶನ್ ಬರುವುದು ಆ ಹೆಸರಿಗೆ. ಆ ಹೆಸರಿನವಳು ನೀನೇ ಅಂತ ಆಮೇಲೆ ನೀನು ಅಫಿಡವಿಟ್ ಹಿಡಿದುಕೊಂಡು ಓಡಾಡಬೇಕು.

ಇದಕ್ಕೆ ದಾರಿ ಪಾರ್ಟ್ ಟೂ ಆರ್ಡರ್. ಮದುವೆ, ಮಕ್ಕಳು ಹುಟ್ಟಿದ್ದು, ಹೆಸರು ಬದಲಾದದ್ದು ಎಲ್ಲವೂ ಫೌಜಿಯ ದಾಖಲೆಗೆ ಹೋಗುವುದು ಅದರ ಮೂಲಕ. ಯೂನಿಟ್‌ನಲ್ಲಿ ಇರುವಾಗ ಇದು ಹೆಡ್ ಕ್ಲರ್ಕ್ ಟೇಬಲ್ಲಿನ ಕೆಲಸ. ಎರಡು ಸಲ ಚಹಾ ಕುಡಿಸಿದರೆ ಮುಗಿಯುತ್ತದೆ. ಯೂನಿಫಾರ್ಮ್ ಬಿಚ್ಚಿದ ಮೇಲೆ ಅದೇ ಕೆಲಸಕ್ಕೆ ಸೈನ್ಯದ ರೆಕಾರ್ಡ್ಸ್ ಆಫೀಸಿಗೆ ಪತ್ರ ಬರೆದು ಕಾಯಬೇಕು. ನಾಲ್ಕು ತಿಂಗಳು ಅಂದರೆ ನಿಜ ಹೇಳಬೇಕೆಂದರೆ ತಡವೇ. ಪೆನ್ಶನ್ ಕಾಗದ ಆಗಲೇ ಹೋಗಿರಬಹುದು. ಆದರೂ ಈಗಲೇ ಮಾಡಿಸು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮಗ ಹುಟ್ಟಿದಾಗ ನಾನು ಮುಂದಿನ ಪೋಸ್ಟಿನಲ್ಲಿದ್ದೆ. ಸುದ್ದಿ ತಲುಪಿದ್ದು ಒಂಬತ್ತು ದಿನಕ್ಕೆ. ಖುಷಿಯಲ್ಲಿ ಸುದ್ದಿ ಬಂದ ತಾರೀಕನ್ನೇ ಹುಟ್ಟಿದ ತಾರೀಕು ಅಂತ ಬರೆಸಿಬಿಟ್ಟೆ. ಒಂಬತ್ತೇ ದಿನ! ಹದಿನೇಳು ವರ್ಷ ಯಾರೂ ಕೇಳಲಿಲ್ಲ. ನಾನು 2018ರಲ್ಲಿ ಮನೆಗೆ ಬಂದೆ. ಮಗನ ಇಸಿಎಚ್‌ಎಸ್ (ಮಾಜಿ ಸೈನಿಕರ ಕುಟುಂಬದ ಆಸ್ಪತ್ರೆ ಯೋಜನೆ) ಕಾರ್ಡಿಗೆ ಹಾಕಿದಾಗ ಶಾಲೆಯ ಸರ್ಟಿಫಿಕೇಟ್ ಒಂದು ಹೇಳಿತು, ಡಿಸ್ಚಾರ್ಜ್ ಬುಕ್ ಇನ್ನೊಂದು ಹೇಳಿತು. ಆ ಒಂಬತ್ತು ದಿನ ತಿದ್ದಿಸುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ.

ಹಾಗಾಗಿ ಇವತ್ತೇ ಕೂತು ನಾಲ್ಕು ಜನರ ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡು, ಅತ್ತೆಯವರ ಆಧಾರ್ ಎದುರಿಗೆ ಇಟ್ಟುಕೊ. ಫೋನಿನಲ್ಲಿ ಅವರಿಂದ ಒಂದೊಂದೇ ಅಕ್ಷರ ಓದಿಸು. ಇನಿಷಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ ಅದನ್ನೂ ನೋಡು. ನಮ್ಮ ಕಡೆಯವರಿಗೆ ಸಿಕ್ಕಾಪಟ್ಟೆ ತೊಂದರೆ ಆಗುವುದು ಅಲ್ಲೇ. ನಮಗೆ ಊರಿನ ಹೆಸರು, ಅಪ್ಪನ ಹೆಸರು ಎಲ್ಲಾ ಇನಿಷಿಯಲ್‌ನಲ್ಲಿ. ಅಲ್ಲಿನ ಫಾರಂ ಸರ್‌ನೇಮ್ ಕೇಳುತ್ತದೆ.

ಪೆನ್ಶನ್ ಈಗ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಪ್ರಯಾಗರಾಜ್‌ನ ಪೆನ್ಶನ್ ಕಚೇರಿಯಿಂದ ನೇರ ಖಾತೆಗೆ ಬೀಳುತ್ತದೆ. ಖಾತೆ ನಿಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿರಲಿ. ಅದರ ಲಾಗಿನ್, ಪಾಸ್‌ವರ್ಡ್ ನಿನಗೂ ಗೊತ್ತಿರಲಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣ (ಬದುಕಿದ್ದೇನೆ ಅನ್ನುವ ಪತ್ರ) ಕೊಡಬೇಕು, ಮರೆತರೆ ಪೆನ್ಶನ್ ನಿಲ್ಲುತ್ತದೆ.

ಆಸ್ಪತ್ರೆ ವಿಷಯ. ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್‌ನಲ್ಲಿ. ಹವಾಲ್ದಾರ್‌ವರೆಗೆ 30,000 ರೂಪಾಯಿ, ಒಂದೇ ಸಲ ಕಟ್ಟುವುದು. ನಾನು ಜೆಸಿಓ (ಹವಾಲ್ದಾರ್‌ಗಿಂತ ಮೇಲಿನ ಸುಬೇದಾರ್ ದರ್ಜೆ) ಅಂತ 67,000 ಕಟ್ಟಿದ್ದೆ. ಆಮೇಲೆ ಜೀವನಪೂರ್ತಿ ಗಂಡ ಹೆಂಡತಿ ಇಬ್ಬರಿಗೂ. ಮಗನಿಗೆ 25 ವರ್ಷ ತುಂಬುವವರೆಗೆ ಅಥವಾ ದುಡಿಯಲು ಶುರು ಮಾಡುವವರೆಗೆ. ಮಗಳಿಗೆ ಕೆಲಸ ಅಥವಾ ಮದುವೆ ಆಗುವವರೆಗೆ. ಅತ್ತೆಯವರಿಗೆ ಸಿಗುತ್ತದೆ, ಆದರೆ ಅವರ ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ ಸೇರಿದ ಮೊತ್ತ ದಾಟಿರಬಾರದು. ನಿಮ್ಮಮ್ಮನಿಗೆ ಸಿಗುವುದಿಲ್ಲ ತಂಗೀ. ಫೌಜಿಯ ಸ್ವಂತ ತಂದೆತಾಯಿಗೆ ಮಾತ್ರ. ಅವರಿಗೆ ಬೇರೆ ವಿಮೆ ಏನಾದರೂ ನೋಡಿ.

ಇನ್ನೊಂದು. ಮಾಮೂಲಿ ದಾರಿ ಅಂದರೆ ಇಸಿಎಚ್‌ಎಸ್‌ನದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ಗೆ ಹೋಗಿ ರೆಫರಲ್ ತಗೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗುವುದು. ತುರ್ತು ಇದ್ದಾಗ ಯಾವ ಆಸ್ಪತ್ರೆಗಾದರೂ ಹೋಗಬಹುದು, ಆದರೆ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ನಮ್ಮ ಅವ್ವ ಶನಿವಾರ ರಾತ್ರಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಹತ್ತಿರ ಇದ್ದ ನರ್ಸಿಂಗ್ ಹೋಮ್‌ಗೆ ಸೇರಿಸಿದೆ. ಆಪರೇಷನ್, ರಕ್ತ, ಓಡಾಟ. ನನಗೆ ಪಾಲಿಕ್ಲಿನಿಕ್ ನೆನಪಾದದ್ದು ಮಂಗಳವಾರ ಮಧ್ಯಾಹ್ನ. ಬಿಲ್ ವಾಪಸ್ ಬಂತು. ಈಗ ನಮ್ಮ ಮನೆಯ ಫ್ರಿಜ್ ಮೇಲೆ ಆ ನಂಬರ್ ಕೆಂಪು ಪೆನ್ನಿನಲ್ಲಿ ಬರೆದು ಅಂಟಿಸಿದ್ದೇನೆ. ಸಮಯಕ್ಕೆ ತಿಳಿಸಿದರೂ ಪೂರ್ತಿ ಬಿಲ್ ಬರುವುದಿಲ್ಲ, ಸರ್ಕಾರದ ದರದಲ್ಲಿ ಎಷ್ಟೋ ಅಷ್ಟು.

ಮಗಳಿಗೆ ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ದೇಶಕ್ಕೆಲ್ಲ ವರ್ಷಕ್ಕೆ 5,500 ಮಕ್ಕಳಿಗೆ ಕೊಡುತ್ತಾರೆ. ಪಿಯುಸಿಯಲ್ಲಿ ಶೇ 60 ಬೇಕೇ ಬೇಕು. ಇಂಜಿನಿಯರಿಂಗ್ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೇ ವರ್ಷ ನೆನಪಾದರೆ ಆಗುವುದಿಲ್ಲ. ಸಿಇಟಿ ಅರ್ಜಿಯಲ್ಲಿ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಕಾಲಂ ಇದೆ. ಅರ್ಜಿ ತುಂಬುವಾಗಲೇ ಗುರುತು ಹಾಕಿಸು. ಮಗನಿಗೆ ಶಿಕ್ಷಣ ಧನಸಹಾಯ ಇದೆ, ಹವಾಲ್ದಾರ್‌ವರೆಗಿನವರ ಇಬ್ಬರು ಮಕ್ಕಳವರೆಗೆ. ಮೊದಲು ತಿಂಗಳಿಗೆ 1,000 ಇತ್ತು. 2025ರ ನವೆಂಬರ್ 1ರಿಂದ 2,000 ಮಾಡಿದ್ದಾರೆ. ಇದಕ್ಕೆಲ್ಲ ಮೊದಲು ಸೈನಿಕ ಕಲ್ಯಾಣ ಇಲಾಖೆಯ ನಿಮ್ಮ ಕಡೆಯ ಆಫೀಸಿನಲ್ಲಿ ಹೆಸರು ನೋಂದಾಯಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಬೇಕು. ಮನೆಗೆ ಬಂದ ಮೊದಲ ವಾರವೇ ಕಳಿಸು. ಸನ್ಮಾನ, ಹಾರ, ಶಾಲು ಎಲ್ಲಾ ಆಮೇಲೆ.

ದುಡ್ಡು. ಇಲ್ಲಿ ನಾನು ಬುದ್ಧಿ ಹೇಳುವ ಯೋಗ್ಯತೆ ಇರುವವನಲ್ಲ. ಆದರೂ ಹೇಳುತ್ತೇನೆ.

ನಾವು ಫೌಜಿಗಳು ಪೆನ್ಶನ್ ಮಾರುವುದು ಅನ್ನುತ್ತೇವೆ. ಕಾಗದದಲ್ಲಿ ಅದು ಕಮ್ಯುಟೇಷನ್. ಅರ್ಧದವರೆಗೆ ಮಾರಬಹುದು. ಉದಾಹರಣೆಗೆ ಬೇಸಿಕ್ ಪೆನ್ಶನ್ 24,000 ಅಂದುಕೊ. ಅರ್ಧ ಮಾರಿದರೆ ಒಟ್ಟಿಗೆ ದೊಡ್ಡ ಮೊತ್ತ ಬರುತ್ತದೆ, ಅದಕ್ಕೆ ತೆರಿಗೆ ಇಲ್ಲ. ತಿಂಗಳಿಗೆ 12,000 ಕಡಿತ ಆಗುತ್ತದೆ. ತುಟ್ಟಿಭತ್ಯೆ ಮಾತ್ರ ಪೂರ್ತಿ 24,000ದ ಮೇಲೆಯೇ ಲೆಕ್ಕ. ಹದಿನೈದು ವರ್ಷ ಆದ ಮೇಲೆ ಪೂರ್ತಿ ಪೆನ್ಶನ್ ವಾಪಸ್. ಅಂದರೆ ಅವರಿಗೆ 58 ಆದಾಗ. ಗ್ರಾಚ್ಯುಟಿ, ರಜೆಯ ದುಡ್ಡು, ಪಿಎಫ್, ಗ್ರೂಪ್ ಇನ್ಶೂರೆನ್ಸ್ ಬೇರೆ. ಎಲ್ಲಾ ಒಂದೆರಡು ತಿಂಗಳಲ್ಲಿ ಹಿಂದೆಮುಂದೆ ಬಂದು ಬೀಳುತ್ತದೆ. ಪಾಸ್‌ಬುಕ್ ನೋಡಿದರೆ ತಲೆ ತಿರುಗುತ್ತದೆ. ನನಗೆ ತಿರುಗಿತು.

ಮೂರು ಬೋರ್ ಹಾಕಿಸಿದೆ. ಮೊದಲನೆಯದರಲ್ಲಿ 640 ಅಡಿ ಹೋದರೂ ಬರೀ ಬಿಳಿ ಪುಡಿ. ನೀರು ನೋಡುವವನು ತೆಂಗಿನಕಾಯಿ ಹಿಡಿದು ಇನ್ನೊಂದು ಜಾಗ ತೋರಿಸಿದ. ಅಲ್ಲೂ ಪುಡಿ. ಮೂರನೆಯದರಲ್ಲಿ ಒಂದೂವರೆ ಇಂಚು ಬಂತು, ಎರಡು ಬೇಸಿಗೆ ಇತ್ತು. ರಿಗ್ ಲಾರಿಯವನು ಹೋಗುವಾಗ ನನಗೆ ಸೆಲ್ಯೂಟ್ ಹೊಡೆದ. ಅವನ ಮುಖ ಇನ್ನೂ ಕಣ್ಣಮುಂದೆ ಇದೆ.

ಮೈದುನನಿಗೆ ಹೇಳು, ಒಂದು ವರ್ಷ ದುಡ್ಡು ಎಫ್‌ಡಿಯಲ್ಲಿದೆ, ತೆಗೆಯುವುದಕ್ಕೆ ಬರುವುದಿಲ್ಲ ಅಂತ. ಸುಳ್ಳಾದರೂ ಪರವಾಗಿಲ್ಲ. ಸುಳ್ಳು ಆಗಬಾರದು ಅಂದರೆ ನಿಜವಾಗಿ ಎಫ್‌ಡಿ ಮಾಡು.

ಉತ್ತರ 2: ಮಾಜಿ ನಾಯಕ್, ಈಗ ಬ್ಯಾಂಕ್

ಸಾಬ್ ಎಲ್ಲಾ ಹೇಳಿದ್ದಾರೆ. ಕೆಲಸದ ವಿಷಯ ಮಾತ್ರ ನಾನು ಹೇಳುತ್ತೇನೆ ಅಕ್ಕ, ಯಾಕೆಂದರೆ ಅದೇ ದಾರಿಯಲ್ಲಿ ಬಂದವನು ನಾನು.

ಸೆಕ್ಯುರಿಟಿ ಗಾರ್ಡ್ ಕೆಲಸ ಮೊದಲ ವಾರವೇ ಸಿಗುತ್ತದೆ. ಅದಕ್ಕೇ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದ ಮೇಲೆ ಪರೀಕ್ಷೆಗೆ ಓದುವುದಕ್ಕೆ ಆಗುವುದಿಲ್ಲ. ಪೆನ್ಶನ್ ಹೇಗೂ ಬರುತ್ತದೆ. ಒಂದು ವರ್ಷ ಓದುವುದಕ್ಕೆ ಬಿಡಿ.

ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಹುದ್ದೆಗಳಲ್ಲಿ ಶೇ 14.5, ಅಟೆಂಡರ್ ಮಟ್ಟದಲ್ಲಿ ಶೇ 24.5 ಮೀಸಲಾತಿ. ಅದರಲ್ಲಿ 4.5 ಗಾಯಾಳು ಸೈನಿಕರಿಗೆ, ಯುದ್ಧದಲ್ಲಿ ಮಡಿದವರ ಮನೆಯವರಿಗೆ. ಕೇಂದ್ರ ಸರ್ಕಾರದ ಗ್ರೂಪ್ ಸಿಯಲ್ಲಿ ಶೇ 10. ನಮ್ಮ ರಾಜ್ಯದಲ್ಲೂ ಶೇ 10. ವಯಸ್ಸಿನಲ್ಲಿ ಸರ್ವಿಸ್ ಮಾಡಿದಷ್ಟು ವರ್ಷ, ಅದರ ಮೇಲೆ ಇನ್ನೂ ಮೂರು ವರ್ಷ ಸಡಿಲಿಕೆ. ಬ್ಯಾಂಕ್ ಕ್ಲರ್ಕ್‌ಗೆ ಹೆಚ್ಚೆಂದರೆ 50. ಎಸ್ಸೆಸ್ಸೆಲ್ಸಿ ಅಂತ ಹೆದರಬೇಡಿ. ಹತ್ತನೇ ಕ್ಲಾಸ್ ಪಾಸಾಗಿ 15 ವರ್ಷ ಸರ್ವಿಸ್ ಇದ್ದರೆ ಇಂಥ ಹುದ್ದೆಗಳಿಗೆ ಡಿಗ್ರಿಗೆ ಸಮ ಅಂತ ನೋಡುತ್ತಾರೆ. ಡಿಗ್ರಿಗೆ ಸಮ ಅನ್ನುವ ಆ ಸರ್ಟಿಫಿಕೇಟ್ ಸೈನ್ಯದಿಂದ ಕೈಯಲ್ಲಿ ಹಿಡಿದೇ ಬರಬೇಕು.

ಒಂದು ಎಚ್ಚರಿಕೆ. ಕೇಂದ್ರ ಸರ್ಕಾರದ ಕೆಲಸಕ್ಕೆ ಒಮ್ಮೆ ಈ ಮೀಸಲಾತಿಯಲ್ಲಿ ಕಾಯಂ ಆಗಿ ಸೇರಿದರೆ ಮತ್ತೆ ಆ ಮೀಸಲಾತಿ ಇಲ್ಲ. ಆದರೆ ಸೇರುವ ಮೊದಲೇ ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದರೋ ಅದರ ಪಟ್ಟಿಯನ್ನು ಸೇರಿದ ತಕ್ಷಣ ಬರೆದುಕೊಟ್ಟರೆ ಆ ಅರ್ಜಿಗಳಿಗೆ ಉಳಿಯುತ್ತದೆ. 2014ರಲ್ಲಿ ಬಂದ ಆದೇಶ. ನನ್ನ ಗೆಳೆಯ ಇದು ಗೊತ್ತಿಲ್ಲದೆ ಮೊದಲು ಸಿಕ್ಕ ಸಣ್ಣ ಕೆಲಸಕ್ಕೆ ಸೇರಿ ಒಳ್ಳೆಯದನ್ನು ಕಳೆದುಕೊಂಡ.

ನಾನು 42ಕ್ಕೆ ಕ್ಲರ್ಕ್ ಆದೆ. ಮೊದಲ ದಿನ ಮ್ಯಾನೇಜರ್ ಕ್ಯಾಬಿನ್‌ನಿಂದ ಹೊರಗೆ ಬಂದರು, ನಾನು ಚಟ್ಟನೆ ಎದ್ದು ಅಟೆನ್ಶನ್‌ನಲ್ಲಿ ನಿಂತುಬಿಟ್ಟೆ. ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಬ್ರಾಂಚ್ ತಿರುಗಿ ನೋಡಿತು. ಅವರು ನನಗಿಂತ 11 ವರ್ಷ ಚಿಕ್ಕವರು. ಪಾಪ, ಅವರೇ ಬಂದು ಕುರ್ಚಿ ಎತ್ತಿದರು. ಈಗ ಅವರು ನನಗೆ ಸರ್ ಅನ್ನುತ್ತಾರೆ, ನಾನು ಅವರಿಗೆ ಸರ್ ಅನ್ನುತ್ತೇನೆ.

ಕನ್ನಡ ಬರೆದು ಅಭ್ಯಾಸ ಮಾಡಿಸಿ. ಇಪ್ಪತ್ತು ವರ್ಷ ಹಿಂದಿ ಮಾತಾಡಿ ನನಗೆ ಒತ್ತಕ್ಷರ ಮರೆತೇ ಹೋಗಿತ್ತು. ಮಗಳ ಕಾಪಿ ಪುಸ್ತಕದಲ್ಲಿ ಬರೆದು ಕಲಿತೆ.

ಉತ್ತರ 3: ಹಳೇ ಗನ್ನರ್

ಜಮೀನು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ. ನನ್ನ ಅರ್ಜಿಗೆ 16 ವರ್ಷ. ಎಷ್ಟೋ ಅಧಿಕಾರಿಗಳು ಬಂದು ಹೋದರು, ಪ್ರತಿಯೊಬ್ಬರೂ ಎದ್ದು ಕೈಕುಲುಕಿದರು. ಫೈಲ್ ಮಾತ್ರ ಎದ್ದಿಲ್ಲ.

ಉತ್ತರ 4: ಅಗ್ನಿವೀರನ ಅಣ್ಣ

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನ ತಮ್ಮ ಮೊದಲ ಬ್ಯಾಚಿನ ಅಗ್ನಿವೀರ. ಮೇಲೆ ಹೇಳಿದ್ದು ಅವನಿಗೂ ಅನ್ವಯಿಸುತ್ತದಾ?

ನಿವೃತ್ತ ಸುಬೇದಾರ್, ಗದಗ: ಇಲ್ಲ ತಮ್ಮಾ. ನಾಲ್ಕು ವರ್ಷಕ್ಕೆ ಬಂದರೆ ಪೆನ್ಶನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಕೊನೆಯಲ್ಲಿ ಒಟ್ಟಿಗೆ ಕೊಡುವ ಸೇವಾ ನಿಧಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಅರೆಸೇನಾ ಪಡೆಗಳಲ್ಲಿ ಅವರಿಗೆ ಅಂತ ಬೇರೆ ಮೀಸಲಾತಿ ಇಟ್ಟಿದ್ದಾರೆ. ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬನನ್ನು ಕಾಯಂ ಮಾಡಿಕೊಳ್ಳುತ್ತಾರೆ. ಆ ಒಬ್ಬ ಅವನಾಗಲಿ. ಇದರ ಬಗ್ಗೆ ಬೇರೆ ಪ್ರಶ್ನೆ ಹಾಕು, ಅಲ್ಲಿ ಮಾತಾಡೋಣ. ಇಲ್ಲಿ ನನಗೆ ಸಿಟ್ಟು ಬರುತ್ತದೆ.

ಉತ್ತರ 5: ಸೈನಿಕನ ಹೆಂಡತಿ, ಧಾರವಾಡ

ಎಲ್ಲರೂ ಕಾಗದ, ದುಡ್ಡು ಹೇಳಿದರು. ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ ನೋಡಿ. ಗಂಡಸರು!

ನಮ್ಮವರು ಬಂದು ಆರು ವರ್ಷ. ಮೊದಲ ಮೂರು ತಿಂಗಳು ನಾಲ್ಕೂವರೆಗೆ ಎದ್ದು, ಶೇವ್ ಮಾಡಿಕೊಂಡು, ಶೂ ಪಾಲಿಶ್ ಮಾಡಿ, ಅಂಗಳದಲ್ಲಿ ನಿಲ್ಲುತ್ತಿದ್ದರು. ಹೋಗುವುದಕ್ಕೆ ಎಲ್ಲೂ ಇರಲಿಲ್ಲ. ಐದೂವರೆಗೆ ವಾಪಸ್ ಒಳಗೆ ಬಂದು ಶೂ ಬಿಚ್ಚುತ್ತಿದ್ದರು. ನಾನು ಒಲೆ ಮುಂದೆ ನಿಂತು ನೋಡುತ್ತಿದ್ದೆ, ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಆಮೇಲೆ ಹಾಲಿನ ಡೇರಿಗೆ ನೀವೇ ಹಾಲು ಹಾಕಿ ಬನ್ನಿ ಅಂದೆ. ಹೋಗುವುದಕ್ಕೆ ಒಂದು ಜಾಗ ಆಯಿತು. ಈಗ ಡೇರಿಯಲ್ಲಿ ಲೈನ್ ನಿಲ್ಲಿಸುವುದು ಅವರೇ, ಊರಿನವರು ಬೈಯುತ್ತಾರೆ.

ಮನೆ ನೀವು ನಡೆಸಿದ್ದೀರಿ ಅಲ್ವಾ, ಅವರು ಬಂದ ಮೇಲೆ ಇಬ್ಬರು ಯಜಮಾನರು ಆಗುತ್ತಾರೆ. ಅದೇ ಜಗಳದ ಮೂಲ. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಕರೆಂಟ್ ಬಿಲ್ ಎಲ್ಲಿದೆ, ಮಗನ ಟೀಚರ್ ಯಾರು, ಅವರಿಗೆ ಒಂದೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದೂ ಇಲ್ಲ. ಒಂದೆರಡು ಕೆಲಸ ಪೂರ್ತಿ ಅವರಿಗೇ ಬಿಟ್ಟುಬಿಡಿ, ತಪ್ಪು ಮಾಡಿದರೂ ಸರಿ. ರಾತ್ರಿ ನಿದ್ದೆ ಬರುವುದಿಲ್ಲ, ಬೆಚ್ಚಿ ಬೀಳುತ್ತಾರೆ, ಕುಡಿತ ಜಾಸ್ತಿ ಆಗುತ್ತಿದೆ ಅನ್ನಿಸಿದರೆ ಮುಚ್ಚಿಡಬೇಡಿ. ಪಾಲಿಕ್ಲಿನಿಕ್‌ನಲ್ಲಿ ಹೇಳಿದರೆ ಮನಸ್ಸಿನ ಡಾಕ್ಟರಿಗೂ ರೆಫರಲ್ ಕೊಡುತ್ತಾರೆ. ನಮ್ಮವರು ಎರಡು ಸಲ ಹೋಗಿ ಬಂದರು. ಊರಿನಲ್ಲಿ ಕಣ್ಣು ಪರೀಕ್ಷೆ ಅಂತ ಹೇಳಿದ್ದೆವು.

ಚಪ್ಪಲಿ ಸಾಲು ಮಾತ್ರ ಬಿಡುವುದಿಲ್ಲ. ಆರು ವರ್ಷ ಆಯಿತು, ನಮ್ಮ ಮನೆಗೆ ಬಂದ ನೆಂಟರ ಚಪ್ಪಲಿಯೂ ಸಾಲಾಗಿ ನಿಲ್ಲುತ್ತವೆ.

ಹವಾಲ್ದಾರ್ ಮನೆಯಾಕೆ, ಹಾಸನ ಜಿಲ್ಲೆ

ಎಲ್ಲರಿಗೂ ಕೈಮುಗಿದೆ. ಧಾರವಾಡದ ಅಕ್ಕ, ನಿಮ್ಮದನ್ನು ಎರಡು ಸಲ ಓದಿದೆ.

ನಿನ್ನೆ ರಾತ್ರಿ ಸುಬೇದಾರ್ ಅಣ್ಣ ಹೇಳಿದ ಹಾಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಓದಿಸಿದೆ. ಮಗನದ್ದು ಸರಿ ಇದೆ. ಮಗಳ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ. ಅತ್ತೆಯ ವಯಸ್ಸು ಅಲ್ಲಿ ನಮ್ಮ ಯಜಮಾನರಿಗಿಂತ ಒಂಬತ್ತೇ ವರ್ಷ ದೊಡ್ಡದು. ಅತ್ತೆ ಕೇಳಿ ನಕ್ಕಿದ್ದೇ ನಕ್ಕಿದ್ದು. ನನ್ನದಕ್ಕೆ ಹೆಡ್ ಕ್ಲರ್ಕ್ ಮದುವೆ ಸರ್ಟಿಫಿಕೇಟ್, ಅಫಿಡವಿಟ್ ಕೇಳಿದ್ದಾರಂತೆ. ನಾಳೆ ನೋಟರಿ ಹತ್ತಿರ ಹೋಗುತ್ತೇನೆ. ಮೈದುನನಿಗೆ ಎಫ್‌ಡಿ ಅಂತ ಹೇಳಿಯೂ ಆಯಿತು, ಎರಡು ದಿನದಿಂದ ಮಾತಿಲ್ಲ.

ನನ್ನ ಶಾಲೆ ಹೆಸರು ಪೂರ್ತಿ ಓದಿ ಹೇಳಿದೆ, ಇನಿಷಿಯಲ್ ಸಮೇತ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ "ಇನ್ನೊಂದ್ಸಲ ಹೇಳು, ಬರ್ಕೋತೀನಿ" ಅಂದರು.